ಮೊಣಕೈ ನೋಡುತ್ತಿದ್ದ ಗಿಟಾರ್ ಮೇಷ್ಟ್ರು

ಪುಟ್ಟಸ್ವಾಮಿ ಮೇಷ್ಟ್ರಂಥ ಇನ್ನೊಬ್ಬ ಪುಕ್ಕಲರನ್ನು ನಾನು ಕಂಡಿಲ್ಲ. ಹಾವಿಗೆ ಹೆದರುತ್ತಿರಲಿಲ್ಲ, ಆನೆಗೂ ಹೆದರುತ್ತಿರಲಿಲ್ಲ. ಎದುರು ಕೂತು ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹದಿನೆಂಟರ ಹುಡುಗಿಯಾದ ನನ್ನ ಮೊಣಕೈ ನೋಡಿದರೆ ಮಾತ್ರ ಬೆವರುತ್ತಿದ್ದರು. ಪಿರಿಯಾಪಟ್ಟಣದ ಗೊಬ್ಬರದಂಗಡಿಯೊಂದರ ಮಹಡಿಯಲ್ಲಿ ಅವರ ಕೋಣೆ. ಸ್ವರ ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು, ಐದು ನಿಮಿಷಕ್ಕೊಮ್ಮೆ, "ನೋವಾಯ್ತಾ ಮಗ? ನಿಜ ಯೋಳು" ಎನ್ನುವರು. ಇಲ್ಲವೆಂದರೆ ನಂಬುತ್ತಿರಲಿಲ್ಲ.

ಒಂದು ಕಾಲಕ್ಕೆ ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಅವರ ಗಿಟಾರ್ ಕೇಳಲು ಜನ ಊಟ ಬಿಟ್ಟು ನಿಲ್ಲುತ್ತಿದ್ದರಂತೆ. ನಾನು ಮಾತ್ರ ಅವರು ನುಡಿಸಿದ್ದನ್ನು ಕಂಡವಳಲ್ಲ. ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿ. ಅದೇನು ಠೀವಿಯೋ ಎಂದು ಒಳಗೊಳಗೇ ನಗುತ್ತಿದ್ದೆ.

ನನಗೆ ಹುಚ್ಚು ಹಿಡಿಸಿದ್ದು ಟ್ಯಾಪಿಂಗ್. ಬಲಗೈಯನ್ನೂ ಗಿಟಾರಿನ ಕೊರಳ ಮೇಲೆ ತಂದು, ಎರಡೂ ಕೈಬೆರಳುಗಳಿಂದ ತಂತಿಯನ್ನು ತಟ್ಟಿ ತಟ್ಟಿ ಸ್ವರ ಹೊರಡಿಸುವ ಪದ್ಧತಿ ಅದು. ವೇಗವೇ ಅದರ ಸೊಗಸು. ಮೇಷ್ಟ್ರು ಫೋನಿನಲ್ಲಿ ಟಿಕ್ ಟಿಕ್ ತಾಳ ಹಾಕಿ ನನ್ನನ್ನು ನಿಮಿಷಕ್ಕೆ ಅರವತ್ತು ಬಡಿತದಲ್ಲಿ ಕಟ್ಟಿಹಾಕಿದರು. ನಾಲ್ಕು ದಿನ ಕೈ ಬಿಗಿಯಾಗದೆ ನುಡಿಸಿದರೆ ಎರಡು ಬಡಿತ ಏರಿಸುವುದು, ಅಷ್ಟೇ. ಮನೆಯಲ್ಲಂತೂ ಟ್ಯಾಪಿಂಗ್ ಕೂಡದು. ನಾನು ಮುಖ ಊದಿಸಿಕೊಂಡಾಗ ಒಂದು ದಿನ ಕಂಪಲಾಪುರದ ನಮ್ಮ ಮನೆಗೇ ಬಂದು, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರ ಎದುರು ಕೂರಿಸಿದರು.

"ನಿಂಗಮ್ಮನ ಕೈ ನೋಡು. ಬೆಳಗಿಂದ ಕಟ್ತಾವ್ಳೆ, ಎಲ್ಲಾದ್ರೂ ಬಿಗಿ ಅದಾ? ದಾರ ಎಳೆದ ತಕ್ಷಣ ಕೈ ಬುಟ್ಬುಡ್ತಾಳೆ. ನೀನು ತಟ್ಟಿದ ಮ್ಯಾಲೂ ಒತ್ಕಂಡೇ ಇರ್ತೀಯ ಕಣವ್ವ. ಬುಡೋದು ಕಲಿ, ಓಡೋದು ತಾನೇ ಬತ್ತದೆ."

ಕೇಳಿದೆನೇ? ಮೈಸೂರಿನಲ್ಲಿ ಸ್ಪರ್ಧೆಯೊಂದಕ್ಕೆ ಹತ್ತು ದಿನವಿತ್ತು. ಅವರ ಕಣ್ಣು ತಪ್ಪಿಸಿ ಮನೆಯಲ್ಲಿ ತಾಳವನ್ನು ನೂರ ಮೂವತ್ತಕ್ಕೆ ಏರಿಸಿ ದಿನಕ್ಕೆ ನಾಲ್ಕೈದು ಗಂಟೆ ನುಡಿಸಿದೆ. ಮಿಕ್ಕ ಹೊತ್ತು ಸೊಪ್ಪು ಕಟ್ಟುವ ಕೆಲಸ. ಏಳನೇ ದಿನ ಎಡಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದವು. ಸೊಪ್ಪಿನ ಕಪ್ಪು ಜಿಡ್ಡು ಒಣಗಿದರೆ ಕೈ ಮರಗಟ್ಟಿದಂತಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಜಿಡ್ಡು ಕಣವ್ವ, ಉಣಸೆಅಣ್ಣು ಆಕಿ ಉಜ್ಜು" ಎಂದಳು ಅವ್ವ. ಚರ್ಮ ಕೆಂಪಾಗುವ ತನಕ ಉಜ್ಜಿದೆ. ಹತ್ತನೇ ದಿನ ಬೆಳಗ್ಗೆ ಟೀ ಲೋಟ ಕೈಯಿಂದ ಜಾರಿ ಬಿತ್ತು. ಮಡಚು ಎಂದರೆ ಬೆರಳು ಮಡಚಲಿಲ್ಲ.

ಸ್ಪರ್ಧೆಯ ಬಸ್ಸು ಬಿಟ್ಟು ಮೇಷ್ಟ್ರ ಕೋಣೆಗೆ ಓಡಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

"ಯಾವತ್ತಿಂದ?"

"ಮೂರು ದಿನ ಆಯ್ತು ಮೇಷ್ಟ್ರೇ. ಜಿಡ್ಡು ಅಂದ್ಕಂಡು ಉಜ್ತಿದ್ದೆ."

ಅವರು ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಉಂಗುರದ ಬೆರಳು, ಕಿರುಬೆರಳು ಅಂಗೈಯೊಳಗೆ ಮಡಚಿಕೊಂಡೇ ಇದ್ದವು.

"ನಾನು ಒಂದು ತಿಂಗ್ಳು ಉಜ್ಜಿದ್ದೆ ಕಣವ್ವ" ಎಂದರು.

ಅವತ್ತೇ ನನ್ನನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊಣಕೈಯಲ್ಲಿ ನರ ಒತ್ತಿಕೊಂಡಿದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಐದು ತಿಂಗಳು ಗಿಟಾರ್ ಮುಟ್ಟಲಿಲ್ಲ. ಆಮೇಲೆ ಮತ್ತೆ ನಲವತ್ತರಿಂದ. ಬೆರಳು ತಂತಿಗೆ ತಾಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಎದುರಿಗೆ ಕೂತ ಮೇಷ್ಟ್ರಿಗೂ ಅದೇ ಪಾಡು.

ಅವರನ್ನು ಕೊನೆಯ ಸಲ ಕಂಡದ್ದು ಒಂದೂವರೆ ವರ್ಷದ ಮೇಲೆ, ಅವರು ತೀರಿಕೊಳ್ಳುವುದಕ್ಕೆ ಎರಡು ತಿಂಗಳು ಮುಂಚೆ. ಅಂದು ನೂರ ಮೂವತ್ತರಲ್ಲಿ ಹತ್ತು ನಿಮಿಷ ಎಡೆಬಿಡದೆ ನುಡಿಸಿದೆ. ಕೈಯಲ್ಲಿ ಬಿಗಿಯಿರಲಿಲ್ಲ. ಮುಗಿಯುವ ಹೊತ್ತಿಗೆ ಮೇಷ್ಟ್ರು ಕಿಟಕಿಯ ಕಡೆ ತಿರುಗಿಬಿಟ್ಟರು. ಕೊನೆತನಕ ನೋಡುವ ಧೈರ್ಯ ಅವರಿಗಾಗಲಿಲ್ಲ.

"ನಾಳಿಂದ ಪಾಠಕ್ಕೆ ಬರಬ್ಯಾಡ ಮಗ" ಎಂದರು.

"ನಾನೇನು ತಪ್ಪು ಮಾಡ್ದೆ ಮೇಷ್ಟ್ರೇ?"

"ನೀನಲ್ಲ. ನನ್ನ ಎದರಿಕೆ ನಿಂಗೂ ಅಂಟ್ಕಂಡದೆ. ಒಂದೊಂದು ಸ್ವರಕ್ಕೂ ನನ್ನ ಮೊಕ ನೋಡ್ತೀಯ. ಸ್ಟೇಜ್ ಮ್ಯಾಲೆ ನಾನಿರಾಕಿಲ್ಲ ಕಣವ್ವ."

ಗಿಟಾರ್ ಹೆಗಲಿಗೇರಿಸಿ ಮೆಟ್ಟಿಲಿಳಿದೆ. ಮಟಮಟ ಮಧ್ಯಾಹ್ನ, ರಸ್ತೆ ತುಂಬ ಜನ. ಅಲ್ಲಿಯತನಕ ಅವರ ಕಣ್ಣಿಲ್ಲದೆ ನಾನು ನುಡಿಸಿದ್ದು ಕೈ ಕೆಡಿಸಿಕೊಂಡ ಆ ಹತ್ತು ದಿನ ಮಾತ್ರ.