ತೆರೆಗೆ ಬಂದ ವಿಳಾಸ

ಸಂಜೆ ಏಳೂ ಹತ್ತಕ್ಕೆ ಕೆಳಗಿನ ಗೇಟು ಸದ್ದಾಯಿತು. ಗಂಗಾವತಿಯ ಆ ಮನೆಯ ಮಹಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಗೆಳತಿ ರವಿಕೆಗಳಿಗೆ ಕಸೂತಿ ಹಾಕುತ್ತಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಯಲಬುರ್ಗಾ ಕಡೆಯಿಂದ ಬಂದವಳು. ಎಲ್ಲಿದ್ದಾಳೆಂದು ಅವನಿಗೆ ಗೊತ್ತಾದರೆ ಅವಳ ಜೀವಕ್ಕೇ ಅಪಾಯವಿತ್ತು.

ಕಿಟಕಿಯಿಂದ ನೋಡಿದೆವು. ಅವನೇ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ನಟ್ಟು ಬಿಚ್ಚುವ ಕಬ್ಬಿಣದ ಪಾನಾ.

ನಾವು ಖಾಲಾ ಎನ್ನುತ್ತಿದ್ದ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ನನ್ನ ಹೆಂಡ್ತಿ ಮ್ಯಾಲ ಅದಾಳ. ಇಲ್ಲೇ ಬರದೈತಿ ನೋಡು."

"ಮೊಬೈಲ್‌ನಾಗ ಬಂದವ್ರೆಲ್ಲಾ ನಿನ್ನ ಹೆಂಡ್ರೇನು ತಮ್ಮಾ? ಭಾಳ ದೊಡ್ಡ ಸಂಸಾರ ಬಿಡು ನಿಂದು."

ಅವರನ್ನು ತಳ್ಳಿ ಮೆಟ್ಟಿಲೇರಿದ. ಬಾಗಿಲಿಗೆ ಬಿದ್ದ ಏಟುಗಳು ಈಗಲೂ ಕಿವಿಯಲ್ಲಿವೆ. ಚಿಲಕದ ಮೊಳೆಯೊಂದು ಕಿತ್ತುಬಂದು ನನ್ನ ಕಾಲ ಬಳಿ ಬಿತ್ತು. ಖಾಲಾ ಕೂಗಿದ್ದಕ್ಕೆ ಎದುರಿನ ಅಕ್ಕಿ ಗಿರಣಿಯ ಹಮಾಲರು ಓಡಿಬಂದು ಅವನನ್ನು ಹಿಡಿದುಕೊಂಡರು.

ಅವನ ಮೊಬೈಲಿನಲ್ಲಿದ್ದದ್ದನ್ನು ಆಮೇಲೆ ಬಂದ ಪೊಲೀಸರು ತೋರಿಸಿದರು. ಅವಳ ರವಿಕೆಗಳನ್ನು ಮಾರುವ ವೆಬ್‌ಸೈಟು. ಹೆಸರು, ಊರು ಕಾಣುವುದಿಲ್ಲ ಎಂದು ಸೈಟಿನವರು ಅವಳಿಗೆ ಮಾತು ಕೊಟ್ಟಿದ್ದರು. ಆದರೆ ರವಿಕೆಯ ಬೆನ್ನಿಗೆ ಕತ್ತು ತಿರುಗಿಸಿ ಕೂತ ಗಿಳಿ ಅವಳ ಕೈಯದೆಂದು ಗಂಡನಿಗೆ ಗೊತ್ತು. ಆ ಚಿತ್ರ ಒತ್ತಿದಾಗ ಪುಟ ಕೆಟ್ಟಿತ್ತು. ತೆರೆಯ ತುಂಬ ಇಂಗ್ಲಿಷಿನ ಎರರ್ ಸಾಲುಗಳು, ಅವುಗಳ ನಡುವೆ ಅವಳ ಫೋನು, ವಿಳಾಸ, 'ಗಿರಣಿ ಎದುರು, ಮಹಡಿ ಮೇಲೆ' ಎಂಬುದೂ.

ಮರುದಿನ ಸೈಟು ಮಾಡಿದವನ ಬಳಿ ಹೋದೆ.

"ಎರರ್ ಕಾಣೂ ಹಂಗ ನಾವೇ ಇಟ್ಟಿರ್ತೀವ್ರಿ ಮೇಡಂ. ಸೈಟ್ ಮಾಡಿಸಿದ ಕುಷ್ಟಗಿ ಗಿರಾಕಿ ಆ ಎರರ್ ಫೋಟೊ ಹೊಡದು ವಾಟ್ಸಪ್ ಮಾಡ್ತಾರ, ನಾ ಕುಂತಲ್ಲೇ ರಿಪೇರಿ ಮಾಡ್ತೀನಿ. ಬಸ್ ಹತ್ತೂದು ತಪ್ಪತೈತಿ."

"ಆಕಿ ಗಂಡಗೂ ಹುಡುಕೂದು ತಪ್ಪಿತು ನೋಡ್ರಿ," ಎಂದೆ.

ಅವನು ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದು, ಎರರ್ ತೋರಿಸುವ ಕಡೆ 'ಆನ್' ಇದ್ದದ್ದನ್ನು 'ಆಫ್' ಮಾಡಿದ. ಇನ್ನು ಎರರ್ ತಾನೊಬ್ಬನೇ ನೋಡುವ ಕಡೆ ದಾಖಲಾಗುತ್ತದೆ, ಜನರಿಗೆ 'ಸ್ವಲ್ಪ ಹೊತ್ತು ಬಿಟ್ಟು ಬನ್ನಿ' ಎಂದಷ್ಟೇ ಕಾಣುತ್ತದೆ ಎಂದ. ತರಿಸಿದ್ದ ಚಹಾ ಇನ್ನೂ ಬಿಸಿಯಿತ್ತು. ನಾನು ಕುಡಿಯಲಿಲ್ಲ.

ಗಂಡನಿಗೆ ಜಾಮೀನು ಸಿಕ್ಕ ವಾರ ನಾವು ಕೊಪ್ಪಳಕ್ಕೆ ಮನೆ ಬದಲಿಸಿದೆವು. ಹೊರಗೆ ಬೈಕು ನಿಂತರೆ ಸಾಕು, ಇಬ್ಬರೂ ಎದ್ದು ಕೂರುತ್ತಿದ್ದೆವು. ಅವಳೀಗ ಗಿಳಿ ಹಾಕುವುದಿಲ್ಲ. ಬರೀ ಬಳ್ಳಿ, ಯಾರು ಬೇಕಾದರೂ ಹಾಕುವಂಥದ್ದು. ಸೈಟಿನಲ್ಲಿ ಉಳಿದಿದ್ದ ಕೊನೆಯ ಗಿಳಿಯ ಚಿತ್ರವನ್ನು ತೆಗೆಸಿದ ದಿನ ರಾತ್ರಿ ಮಲಗಿದ ನಮ್ಮಿಬ್ಬರಿಗೂ, ಬೆಳಿಗ್ಗೆ ಹಾಲಿನವನು ಬಾಗಿಲು ಬಡಿಯುವವರೆಗೆ ಎಚ್ಚರವಾಗಲಿಲ್ಲ.