ಯಾರೂ ಮುಟ್ಟದ ‘ನಾರ್ಮಲ್’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸ್ಕ್ಯಾನಿಂಗ್ ವಿಭಾಗದಲ್ಲಿ ಎಲ್ಲರೂ ‘ಟೈಪಕ್ಕ’ ಎಂದು ಕರೆಯುವ ಟೈಪಿಸ್ಟ್ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ರೋಗಿಗಳಿಗೆ ಈಗಾಗಲೇ ಕೊಟ್ಟ ವರದಿಗಳನ್ನೇ ಒಂದೊಂದಾಗಿ ಮತ್ತೆ ತೆಗೆಯುತ್ತಾರೆ. ಪಕ್ಕದಲ್ಲಿ ಡಾಕ್ಟರು ಆ ಸ್ಕ್ಯಾನ್ ಚಿತ್ರಗಳನ್ನು ಮತ್ತೆ ನೋಡುತ್ತಾರೆ. ಅವರ ಕಣ್ಣು ಒಂದೆಡೆ ತುಸು ಹೆಚ್ಚು ಹೊತ್ತು ನಿಂತರೂ ಸಾಕು, ಟೈಪಕ್ಕ ಪರದೆ ಬಿಟ್ಟು ಅವರತ್ತ ತಿರುಗುತ್ತಾರೆ.

ಗಂಡ ಹಾಸಿಗೆ ಹಿಡಿದ ವರ್ಷ, ಪುಟ್ಟ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಟೈಪಿಂಗ್ ಕಲಿತು ಇಲ್ಲಿಗೆ ಸೇರಿದವರು ಇವರು. ಡಾಕ್ಟರು ಬಾಯಲ್ಲಿ ಹೇಳುತ್ತಿದ್ದರು, ಇವರು ಟೈಪ್ ಮಾಡುತ್ತಿದ್ದರು. ದಿನಕ್ಕೆ ಎಪ್ಪತ್ತು ವರದಿ. ಈಗ ಹೊಸ ಪದ್ಧತಿ ಬಂದಿದೆ. ಪ್ರತಿ ಅಂಗಕ್ಕೂ ಒಂದೊಂದು ಕಾಲಂ.

“ಕಾಲಂ ಒಳ್ಳೇದೇ. ಮೊದಲು ಹೇಳೋದು ಮರೆತ್ರೆ ಮರೆತೇ ಹೋಗ್ತಿತ್ತು,” ಎನ್ನುತ್ತಾರೆ ಟೈಪಕ್ಕ.

ಆದರೆ ಕೆಲಸ ಬೇಗ ಸಾಗಲೆಂದು ಎಲ್ಲ ಕಾಲಂಗಳಲ್ಲೂ ‘ನಾರ್ಮಲ್’ ಎಂದು ಮೊದಲೇ ತುಂಬಿಟ್ಟಿದ್ದರು. ತೊಂದರೆ ಕಂಡರೆ ಮಾತ್ರ ಬದಲಾಯಿಸಿದರಾಯಿತು.

ಕಳೆದ ವಾರ ಒಬ್ಬ ಅಜ್ಜಿ ವರದಿ ಹಿಡಿದು ಬಂದರು. “ಅಲ್ಲಮ್ಮಾ, ನನ್ನ ಪಿತ್ತಕೋಶ ನಾರ್ಮಲ್ ಅಂತ ಬರ್ದಿದೀರಲ್ಲ, ಅದನ್ನ ತೆಗೆಸಿ ಎಷ್ಟೋ ಕಾಲ ಆಯ್ತು. ಮತ್ತೆ ಚಿಗುರಿದ್ಯಾ?”

ಕೌಂಟರಿನವರೆಲ್ಲ ಬಿದ್ದು ಬಿದ್ದು ನಕ್ಕರು. ಟೈಪಕ್ಕ ವರದಿ ತೆಗೆದುಕೊಂಡು ನೇರ ಡಾಕ್ಟರ ಬಳಿ ಹೋದರು.

“ಒಂದು ಪದ ತಾನೇ? ತಿದ್ದಿ ಕೊಡಿ,” ಎಂದು ಅವರೂ ನಕ್ಕರು.

“ಸರ್, ಆ ಕಾಲಂ ನೀವೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಹೀಗೆ ಇನ್ನೆಷ್ಟು ಹೋಗಿದ್ಯೋ?”

ಡಾಕ್ಟರ ನಗು ಅಲ್ಲೇ ನಿಂತಿತು. ಅಂದೇ ಕಾಲಂಗಳನ್ನೆಲ್ಲ ಖಾಲಿ ಮಾಡಿಸಿದರು. ಅಂದಿನಿಂದ, ರೋಗಿಗಳು ಬರುವ ಮೊದಲು ಇಬ್ಬರೂ ಹಳೆಯ ವರದಿಗಳನ್ನು ತಿರುಗಿ ನೋಡುತ್ತಿದ್ದಾರೆ.

“ಅಮ್ಮ ಈಗ ಗ್ಯಾಸ್ ಆಫ್ ಮಾಡಿದೀನಾ ಅಂತ ಬೀದಿ ತುದಿಯಿಂದ ವಾಪಸ್ ಬರ್ತಾಳೆ,” ಎಂದು ಮಗಳು ಛೇಡಿಸುತ್ತಾಳೆ. ಟೈಪಕ್ಕನಿಗೆ ನಗು ಬರುವುದಿಲ್ಲ.

ಈ ಮುಂಜಾನೆ ಡಾಕ್ಟರ ಕೈ ನಿಲ್ಲುತ್ತದೆ. ಒಬ್ಬ ಬಸ್ ಡ್ರೈವರನ ಮೂತ್ರಪಿಂಡದಲ್ಲಿ ಸಣ್ಣ ಗಂಟು. ವರದಿಯಲ್ಲಿ ‘ನಾರ್ಮಲ್’. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ತಾವೇ ಫೋನ್ ಮಾಡುತ್ತಾರೆ.

“ನಾರ್ಮಲ್ ಅಂದಿದ್ರಲ್ಲ ಸರ್? ಮನೇಲಿ ಎಲ್ರಿಗೂ ಹೇಳ್ಬಿಟ್ಟಿದೀನಿ,” ಎನ್ನುತ್ತದೆ ಆಚೆಯ ದನಿ.

“ತಪ್ಪು ನಮ್ದು. ಇನ್ನೂ ಸಣ್ಣದಿದೆ. ಇವತ್ತೇ ಬನ್ನಿ.”

ಟೈಪಕ್ಕ ಮುಂದಿನ ವರದಿ ತೆಗೆಯುತ್ತಾರೆ. ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ಪರದೆಯಿಂದ ಕಣ್ಣು ಕೀಳದೆಯೇ ಹೇಳುತ್ತಾರೆ:

“ಮಿಕ್ಕಿದ್ರಲ್ಲಿ ಏನೂ ಸಿಗ್ಬಾರ್ದು. ನಮ್ಮಿಬ್ರ ಕೆಲಸ ಪೂರ್ತಿ ದಂಡ ಆಗ್ಲಿ. ಅಷ್ಟೇ ಸಾಕು.”