ನೀಲಿ ಅಂಗಿ ಮತ್ತು ಗಿರಕಿ ಹೊಡೆಯುವ ಡ್ರೋನು

ನಮ್ಮ ಬೀದಿಯ ಫೋಟೋದವರಿಗೆ ಒಂದು ಗೀಳು ಅಂಟಿಕೊಂಡಿತ್ತು. ಬೆಳಿಗ್ಗೆ ಮುಖ ತೊಳೆಯುವುದು ತಪ್ಪಿದರೂ ಡ್ರೋನಿನ ದಿಕ್ಸೂಚಿ ಸರಿಪಡಿಸುವುದು ತಪ್ಪುತ್ತಿರಲಿಲ್ಲ. ಅದಕ್ಕಾಗಿ ಮೈದಾನದ ನಡುವೆ ಡ್ರೋನನ್ನು ಹೊಟ್ಟೆಯ ಮುಂದೆ ಹಿಡಿದು ತಾವೇ ಒಂದು ಸುತ್ತು ತಿರುಗುವರು, ಮತ್ತೆ ನೆಟ್ಟಗೆ ಹಿಡಿದು ಇನ್ನೊಂದು ಸುತ್ತು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಡ್ರೋನು ಮೇಲೇರಿದ್ದೇ ತಡ, ಗೂಟಕ್ಕೆ ಕಟ್ಟಿದ ಕರುವಿನಂತೆ ಗಿರಕಿ ಹೊಡೆಯುತ್ತಿತ್ತು.

"ದಿನಾ ಯಾಕ್ ಮಾಡ್ತೀರಾ ಸಾರ್?" ಎಂದು ಡ್ರೋನು ರಿಪೇರಿ ಅಂಗಡಿಯ ಹುಡುಗಿ ಗದರಿದಳು. "ಆ್ಯಪ್ ಕೇಳಿದ್ರೆ, ದೂರದ ಊರಿಗೆ ಒಯ್ದ್ರೆ, ಎಲ್ಲಾದ್ರೂ ಜೋರಾಗಿ ಬಿದ್ರೆ ಮಾಡಿ, ಸಾಕು. ಕಬ್ಬಿಣ, ಆಯಸ್ಕಾಂತ ಹತ್ರ ಇರ್ಬಾರ್ದು ಅಷ್ಟೇ."

ಅವಳೇ ಸರಿಪಡಿಸಿ ಹಾರಿಸಿದಾಗ ಡ್ರೋನು ಗಾಳಿಯಲ್ಲಿ ಅಲ್ಲಾಡದೆ ನಿಂತಿತು. ಮಾರನೆಯ ದಿನ ಇವರು ಕೈ ಸುಮ್ಮನಿರಲಾರದೆ ಮತ್ತೆ ಸುತ್ತಿದರು. ಮತ್ತೆ ಗಿರಕಿ.

ಇವರಿಗೆ ತಲೆಬುಡ ತಿಳಿಯಲಿಲ್ಲ. ಗಡಿಯಾರ ಬಿಚ್ಚಿಟ್ಟರು, ಜೇಬಿನ ಚಿಲ್ಲರೆ ತೆಗೆದಿಟ್ಟರು, ಚಪ್ಪಲಿ ಬದಲಿಸಿದರು. ನಡುವೆ ಒಂದು ದಿನ ಮಾತ್ರ ಅದು ಸರಿಯಾಗಿ ನಿಂತಿತ್ತು. ಅವತ್ತು ನೀಲಿ ಅಂಗಿ ತೊಟ್ಟಿದ್ದರು. ಅಂದಿನಿಂದ ದಿನವೂ ನೀಲಿ ಅಂಗಿಯೇ. ಅಂಗಿಯ ಕಾಲರು ಹರಿಯಿತು, ಡ್ರೋನು ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಅವಳ ಕೈಯಲ್ಲಿ ಸರಿ, ತಮ್ಮ ಕೈಯಲ್ಲಿ ತಪ್ಪು. ಹಾಗಾದರೆ ಕೈಯೇ ಕೆಟ್ಟಿದೆ ಎಂದುಕೊಂಡರು. ಅವರ ತಂದೆಯೂ ಫೋಟೋದವರೇ. ಇದೇ ವಯಸ್ಸಿಗೆ ಕೈ ನಡುಗತೊಡಗಿ ಕ್ಯಾಮೆರಾ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ನಾಳೆ ಶಾಲೆಯ ಮಕ್ಕಳನ್ನೆಲ್ಲ ನಿಲ್ಲಿಸಿ ಮೇಲಿನಿಂದ ಚಿತ್ರ ತೆಗೆಯಬೇಕಿತ್ತು. ಡ್ರೋನು ಮಕ್ಕಳ ಮೇಲೆ ಬಿದ್ದರೆ? ಸಂಜೆ ಕೊನೆಯದಾಗಿ ಒಮ್ಮೆ ನೋಡಿ, ಆಗದಿದ್ದರೆ ಕಸುಬಿಗೇ ಕೈಮುಗಿಯುವುದು ಎಂದು ತೀರ್ಮಾನಿಸಿದರು. ಹೆಂಡತಿಯ ಮುಂದೆ ಬಾಯಿ ಬಿಡಲಿಲ್ಲ. ಆಕೆ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಜೊತೆಗೆ ಬಂದಳು.

ಮೈದಾನದಲ್ಲಿ ಸುತ್ತಿದರು, ಹಾರಿಸಿದರು. ಅದೇ ಗಿರಕಿ. ಡ್ರೋನು ಇಳಿಸಿ ಕಲ್ಲುಬೆಂಚಿನ ಮೇಲೆ ಕುಸಿದವರು, ಬೆವರಿಗೆ ಕಚ್ಚುತ್ತಿದ್ದ ಸೊಂಟದ ಪಟ್ಟಿಯನ್ನು ಅಂಗಿಯೊಳಗಿಂದ ಬಿಚ್ಚಿ ಪಕ್ಕಕ್ಕೆ ಹಾಕಿದರು. ಬೆನ್ನುನೋವಿಗೆಂದು ಹೆಂಡತಿಯೇ ತಂದದ್ದು. ತೊಟ್ಟಿರುವುದೇ ಮರೆತುಹೋಗುವಷ್ಟು ಮೈಗೆ ಹೊಂದಿಕೊಂಡಿತ್ತು. ಚಹಾ ಬಗ್ಗಿಸಲು ಆಕೆ ಬೀಗದ ಕೈ ಗೊಂಚಲನ್ನು ಬೆಂಚಿನ ಮೇಲಿಟ್ಟಳು. ಟಕ್ಕನೆ ಅದು ಪಟ್ಟಿಗೆ ಅಂಟಿಕೊಂಡಿತು.

"ಏನೇ ಇದೆ ಇದ್ರಲ್ಲಿ?"

"ಆಯಸ್ಕಾಂತ ಕಣ್ರೀ. ನೋವು ಎಳ್ಕೊಳ್ಳುತ್ತೆ ಅಂದಿದ್ದ ಅಂಗಡಿಯವನು."

"ಆ ನೀಲಿ ಅಂಗಿ ದಿನ ಇದೆಲ್ಲಿತ್ತು?"

"ಒಗೆದು ಹಾಕಿದ್ದೆ. ಇನ್ನೂ ಒಣಗಿಲ್ಲ ಅಂತ ಗೊಣಗ್ಕೊಂಡೇ ಹೋದ್ರಲ್ಲ!"

ಇವರು ಹೇಳಿದಂತೆ ಪಟ್ಟಿಯನ್ನೂ ಗೊಂಚಲನ್ನೂ ಹಿಡಿದು ಆಕೆ ಮೈದಾನದ ಆ ತುದಿಗೆ ನಡೆದಳು, ಯಾಕೆಂದು ತಿಳಿಯದಿದ್ದರೂ. ಇವರು ಮತ್ತೆ ಸುತ್ತಿದರು, ಹಾರಿಸಿದರು. ಡ್ರೋನು ಗಾಳಿಯಲ್ಲಿ ಅಲ್ಲಾಡದೆ ನಿಂತಿತು, ನಿಂತೇ ಇತ್ತು. ಅದನ್ನು ಇಳಿಸಿ ಇವರು ಹೆಂಡತಿಯ ಬಳಿಗೆ ಹೆಚ್ಚುಕಡಿಮೆ ಓಡಿದರು. ಕಣ್ಣಲ್ಲಿ ನೀರಿತ್ತು.

"ನನ್ನ ಕೈ ನೋಡೇ. ಅಪ್ಪನ ಹಾಗೆ ನಡುಗ್ತಾ ಇದ್ಯಾ?"

ಆಗ ಆಕೆಗೆ ಎಲ್ಲ ತಿಳಿಯಿತು. ಪಟ್ಟಿ ಕೆಳಗೆ ಬಿಟ್ಟು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಷ್ಟು ದಿನ ಇರ್ಲಿಲ್ಲ ಕಣ್ರೀ," ಎಂದಳು. "ಈಗ ನಡುಗ್ತಾ ಇದೆ."